ಊರಿನ ವಾರಪತ್ರಿಕೆ ನಿಂತರೆ ಅದು ಹೊಸ ಕಾಯ್ದೆಯ ತಪ್ಪೇ?

ಸಾಗರ, ತೀರ್ಥಹಳ್ಳಿ, ಸೊರಬ, ಹೊಸನಗರದಂಥ ಊರುಗಳಲ್ಲಿ ವಾರಪತ್ರಿಕೆಗಳ ಬಗ್ಗೆ ಮಾತು ಬಂದರೆ ಈಗ ಎರಡು ಥರದ ಅಭಿಪ್ರಾಯ ಕೇಳಿಸುತ್ತದೆ. ಒಂದು, "ಹೊಸ ಕಾನೂನು ಬಂದಿದೆ, ಸಣ್ಣ ಪೇಪರ್‌ಗಳನ್ನೆಲ್ಲ ರದ್ದು ಮಾಡ್ತಾರಂತೆ." ಇನ್ನೊಂದು, "ಈಗ ಪೇಪರ್ ಮಾಡೋದು ಸುಲಭ, ಡಿಸಿ ಆಫೀಸಿಗೆ ಅಲೆಯೋದೇ ಬೇಡ, ಎಲ್ಲ ಆನ್‌ಲೈನ್." ಎರಡರಲ್ಲೂ ಅರ್ಧ ನಿಜ ಇದೆ. ಹಾಗಾಗಿಯೇ ಚಂದಾ ಕಟ್ಟಿದ ಓದುಗರಿಗೆ ಗೊಂದಲ.

ಎರಡು ಮಾತೂ ಹುಟ್ಟಿದ್ದು ಒಂದೇ ಕಾಯ್ದೆಯಿಂದ. ಪತ್ರಿಕೆಗಳು ಮತ್ತು ನಿಯತಕಾಲಿಕಗಳ ನೋಂದಣಿಗೆ ಸಂಸತ್ತು 2023ರಲ್ಲಿ ಹೊಸ ಕಾಯ್ದೆ ಮಾಡಿತು. ಆಗಸ್ಟ್‌ನಲ್ಲಿ ರಾಜ್ಯಸಭೆ, ಡಿಸೆಂಬರ್‌ನಲ್ಲಿ ಲೋಕಸಭೆ ಒಪ್ಪಿದವು. 2024ರ ಮಾರ್ಚ್ 1ರಿಂದ ಅದು ಜಾರಿಯಲ್ಲಿದೆ. 1867ರಿಂದ ನಡೆದುಕೊಂಡು ಬಂದಿದ್ದ ಹಳೆಯ ಕಾಯ್ದೆ ಹೋಯಿತು.

ಆದರೆ ತಾಲ್ಲೂಕು ಮಟ್ಟದ ವಾರಪತ್ರಿಕೆಗಳು ಸೊರಗಿದ್ದು ಈ ಕಾಯ್ದೆಯಿಂದ ಅಲ್ಲ. ಅವುಗಳ ಆದಾಯ ಅದಕ್ಕೂ ಎಷ್ಟೋ ಮೊದಲೇ ಒಂದೊಂದಾಗಿ ಕೈಬಿಟ್ಟಿತ್ತು. ದುಡ್ಡಿದ್ದ ವಾರ ತಂದು, ಇಲ್ಲದ ವಾರ ಬಿಟ್ಟು, ಹೇಗೋ ನಡೆಸಿಕೊಂಡು ಹೋಗಲು ಒಂದು ಸಡಿಲು ಜಾಗ ಮಾತ್ರ ಉಳಿದಿತ್ತು. ಹೊಸ ಕಾಯ್ದೆ ಕಡಿಮೆ ಮಾಡಿರುವುದು ಆ ಜಾಗವನ್ನು.

ಕಾಯ್ದೆಯಲ್ಲಿ ಬದಲಾಗಿದ್ದೇನು

1867ರ ಕಾಯ್ದೆ ಬ್ರಿಟಿಷರದ್ದು. ಯಾರು ಅಚ್ಚು ಹಾಕುತ್ತಾರೆ, ಎಲ್ಲಿ ಹಾಕುತ್ತಾರೆ ಎಂಬುದು ಸರ್ಕಾರಕ್ಕೆ ಗೊತ್ತಿರಬೇಕು ಎನ್ನುವುದೇ ಅದರ ಮುಖ್ಯ ಕಾಳಜಿ. ಪತ್ರಿಕೆಯ ಕೊನೆ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು ಬರುವುದು ಅಲ್ಲಿಂದ ಬಂದ ಪದ್ಧತಿ. ಪತ್ರಿಕೆ ಶುರು ಮಾಡುವವರು ಜಿಲ್ಲಾ ಮ್ಯಾಜಿಸ್ಟ್ರೇಟರ ಮುಂದೆ, ಅಂದರೆ ಡಿಸಿ ಕಚೇರಿಯಲ್ಲಿ, ಘೋಷಣಾ ಪತ್ರ ಕೊಡಬೇಕಿತ್ತು. ಮೊದಲ ಪ್ರೆಸ್ ಕಮಿಷನ್ ಶಿಫಾರಸು ಮಾಡಿದ ಮೇಲೆ 1956ರ ಜುಲೈ 1ರಂದು ದೆಹಲಿಯಲ್ಲಿ ಆರ್‌ಎನ್‌ಐ, ಅಂದರೆ ದೇಶದ ಪತ್ರಿಕೆಗಳ ನೋಂದಣಿ ನೋಡಿಕೊಳ್ಳುವ ಕಚೇರಿ, ಶುರುವಾಯಿತು. ಪ್ರತಿ ವರ್ಷ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ 'ನಮೂನೆ 4' ಎಂಬ ತಲೆಬರಹದಡಿ ಮಾಲೀಕರ ವಿವರ ಅಚ್ಚಾಗುತ್ತಿತ್ತಲ್ಲ, ಅದೂ ಆ ವ್ಯವಸ್ಥೆಯ ಭಾಗ.

ಈಗ ಹೆಸರು ಪಡೆಯುವುದು, ನೋಂದಣಿ ಮಾಡಿಸುವುದು ಎರಡೂ ಒಂದೇ ಅರ್ಜಿಯಲ್ಲಿ, ಆನ್‌ಲೈನ್‌ನಲ್ಲಿ ಆಗುತ್ತವೆ. ಡಿಸಿ ಎದುರು ಘೋಷಣೆ ಮಾಡಬೇಕಾಗಿಲ್ಲ. ಪ್ರೆಸ್ ಇಟ್ಟವರೂ ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ಟರೆ ಸಾಕು. ಆರ್‌ಎನ್‌ಐ ಮುಖ್ಯಸ್ಥರಿಗೆ ಈಗ ಪ್ರೆಸ್ ರಿಜಿಸ್ಟ್ರಾರ್ ಜನರಲ್ ಎಂಬ ಹೆಸರು. ಹಳೆಯ ಕಾಯ್ದೆಯಡಿ ನೋಂದಣಿಯಾದ ಪತ್ರಿಕೆಗಳ ನೋಂದಣಿ ತಾನಾಗಿ ಬಿದ್ದುಹೋಗಿಲ್ಲ, ಅದು ಮುಂದುವರಿದಿದೆ. "ಎಲ್ಲ ರದ್ದು" ಎನ್ನುವ ಮಾತು ಅಷ್ಟರ ಮಟ್ಟಿಗೆ ಸುಳ್ಳು.

ಭಯಕ್ಕೆ ಕಾರಣ ದಂಡದ ಮೊತ್ತ. ವರ್ಷಕ್ಕೊಮ್ಮೆ ಪ್ರಸಾರ ಸಂಖ್ಯೆ, ಮಾಲೀಕತ್ವದಂಥ ವಿವರಗಳ ವಾರ್ಷಿಕ ಪಟ್ಟಿ ಕೊಡಬೇಕು ಎನ್ನುವುದು ಮೊದಲೂ ಇತ್ತು. ಕೊಡದಿದ್ದರೆ ಹಳೆಯ ಕಾಯ್ದೆಯಲ್ಲಿ ಹೆಚ್ಚೆಂದರೆ 500 ರೂಪಾಯಿ ದಂಡ. ಈಗ ಮೊದಲ ಸಲ ತಪ್ಪಿದರೇ 20,000 ರೂಪಾಯಿವರೆಗೆ ಹಾಕಬಹುದು. ನೋಂದಣಿ ಇಲ್ಲದೆ ಪತ್ರಿಕೆ ತಂದರೆ 5 ಲಕ್ಷದವರೆಗೆ. ಸುಳ್ಳು ವಿವರ ಕೊಟ್ಟರೆ ಅಥವಾ ನಿರಂತರವಾಗಿ ಪತ್ರಿಕೆ ತರದಿದ್ದರೆ ನೋಂದಣಿಯನ್ನು 30ರಿಂದ 180 ದಿನ ಅಮಾನತಿನಲ್ಲಿ ಇಡಬಹುದು. ಆಮೇಲೂ ಸರಿಪಡಿಸದಿದ್ದರೆ ರದ್ದು. ಇದರ ವಿರುದ್ಧ 60 ದಿನದೊಳಗೆ ಮೇಲ್ಮನವಿ ಹಾಕಲು ಅವಕಾಶ ಇದೆ. ಜೈಲು ಶಿಕ್ಷೆಯನ್ನು ಬಹುಮಟ್ಟಿಗೆ ತೆಗೆದಿದ್ದಾರೆ. ನೋಂದಣಿ ಇಲ್ಲದ ಪತ್ರಿಕೆಯನ್ನು ನಿಲ್ಲಿಸಿ ಎಂದು ಆದೇಶ ಕೊಟ್ಟರೂ ಆರು ತಿಂಗಳು ಕೇಳದೆ ನಡೆಸಿದರೆ ಮಾತ್ರ ಆರು ತಿಂಗಳವರೆಗೆ ಸೆರೆವಾಸ.

ಪತ್ರಿಕೆ ತಪ್ಪದೆ ಬರಬೇಕು ಎಂಬ ಷರತ್ತೇನೂ ಹೊಸದಲ್ಲ. ವಾರಪತ್ರಿಕೆಯೊಂದು ಮೂರು ತಿಂಗಳಲ್ಲಿ ತರಬೇಕಾದ ಸಂಚಿಕೆಗಳ ಅರ್ಧಕ್ಕಿಂತ ಕಡಿಮೆ ತಂದರೆ ಘೋಷಣೆ ಊರ್ಜಿತವಾಗಿ ಉಳಿಯುವುದಿಲ್ಲ ಎಂದು ಹಳೆಯ ಕಾಯ್ದೆಯೇ ಹೇಳಿತ್ತು. ಹನ್ನೆರಡು ತಿಂಗಳಿಗಿಂತ ಜಾಸ್ತಿ ನಿಂತರೆ ಹೊಸದಾಗಿ ಘೋಷಣೆ ಮಾಡಬೇಕಿತ್ತು. ಕಾಗದದ ಮೇಲೆ ಇಷ್ಟು ಬಿಗಿ ಇದ್ದರೂ ಯಾರೂ ಲೆಕ್ಕ ಇಡುತ್ತಿರಲಿಲ್ಲ. ಫೈಲು ಶಿವಮೊಗ್ಗದಲ್ಲಿ, ರಿಜಿಸ್ಟರು ದೆಹಲಿಯಲ್ಲಿ, ಪತ್ರಿಕೆ ಸೊರಬದಲ್ಲಿ. ಈಗ ಮೂರೂ ಒಂದೇ ಕಂಪ್ಯೂಟರಿಗೆ ಬಂದಿವೆ. ಯಾವ ಪತ್ರಿಕೆ ವಿವರ ಕೊಟ್ಟಿಲ್ಲ ಎಂದು ಪಟ್ಟಿ ತೆಗೆಯುವುದು ಸಲೀಸು. ನಿಯಮಕ್ಕಿಂತ ಹೆಚ್ಚಾಗಿ ಬದಲಾಗಿರುವುದು ನಿಗಾ.

ಮಲೆನಾಡಿಗೆ ವಾರಪತ್ರಿಕೆ ಒಗ್ಗಿದ್ದು ಹೇಗೆ

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ದಿನಪತ್ರಿಕೆ ಆಗಿರಲಿಲ್ಲ. 1843ರ ಜುಲೈ 1ರಂದು ಬಾಸೆಲ್ ಮಿಷನ್‌ನ ಹರ್ಮನ್ ಮೊಗ್ಲಿಂಗ್ ಅದನ್ನು ಪಾಕ್ಷಿಕವಾಗಿ ಶುರು ಮಾಡಿದರು. ಕನ್ನಡ ಪತ್ರಿಕೋದ್ಯಮ ದಿನಕ್ಕೊಮ್ಮೆಯ ಲಯಕ್ಕೆ ಬಂದಿದ್ದು ಬಹಳ ತಡವಾಗಿ. ಶಿವಮೊಗ್ಗ ಮೈಸೂರು ಸಂಸ್ಥಾನಕ್ಕೆ ಸೇರಿದ್ದರಿಂದ ಇಲ್ಲಿಗೆ ಅನ್ವಯವಾಗಿದ್ದು 1908ರ ಮೈಸೂರು ಪತ್ರಿಕಾ ಕಾಯ್ದೆ. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ತರುವ ಹಾಗಿಲ್ಲ ಎಂದು ಅದು ಹೇಳಿತು. ಅದನ್ನು ಪ್ರತಿಭಟಿಸಿ 'ತಾತಯ್ಯ' ಎಂ. ವೆಂಕಟಕೃಷ್ಣಯ್ಯನವರು ಮೈಸೂರಿನಲ್ಲಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಂಥ ವಾತಾವರಣದಲ್ಲಿ ತಾಲ್ಲೂಕು ಊರುಗಳಲ್ಲಿ ಪತ್ರಿಕೆ ಬೆಳೆಯುವುದು ದೂರದ ಮಾತಾಗಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಚಿತ್ರ ಬದಲಾಯಿತು. ಸುದ್ದಿಗೆ ಮಲೆನಾಡಿನಲ್ಲಿ ಬರವಿರಲಿಲ್ಲ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರ ಎಂದು ಸಾರಿಕೊಂಡಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆಮೇಲೆ ಲಿಂಗನಮಕ್ಕಿ ಅಣೆಕಟ್ಟು, ಶರಾವತಿ ಹಿನ್ನೀರು, ಊರು ಬಿಟ್ಟ ಜನ. ಭೂಸುಧಾರಣೆ ಬಂದಾಗ ಪ್ರತಿ ತಾಲ್ಲೂಕಿನಲ್ಲೂ ಭೂನ್ಯಾಯ ಮಂಡಳಿ. ಇವು ಬೆಂಗಳೂರಿನ ಪತ್ರಿಕೆಗೆ ಆಗೊಮ್ಮೆ ಈಗೊಮ್ಮೆ ಸುದ್ದಿ. ಇಲ್ಲಿಯವರಿಗೆ ಪ್ರತಿ ವಾರದ ಬದುಕು.

ಇನ್ನು ಭೂಗೋಳ. ಬಯಲುಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿರುತ್ತವೆ. ಒಬ್ಬ ಹುಡುಗ ಸೈಕಲ್ ಮೇಲೆ ಒಂದು ಗಂಟೆಯಲ್ಲಿ ಊರಿಗೆಲ್ಲ ಪೇಪರ್ ಹಾಕಿ ಬರುತ್ತಾನೆ. ಮಲೆನಾಡಿನಲ್ಲಿ ತೋಟಕ್ಕೊಂದು ಮನೆ. ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡ, ಹಳ್ಳ, ಸಂಕ ದಾಟಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ದಿನಪತ್ರಿಕೆ ಮಧ್ಯಾಹ್ನದ ಬಸ್ಸಿಗೆ ಬಂದು ಅಂಗಡಿಯಲ್ಲಿ ಕೂತಿರುತ್ತಿತ್ತು, ಯಾರಾದರೂ ಪೇಟೆಗೆ ಹೋದರೆ ಮನೆ ಸೇರುತ್ತಿತ್ತು. ಅಂಚೆಯಣ್ಣ ಮಾತ್ರ ಎಲ್ಲ ಮನೆಗೂ ಹೋಗುತ್ತಿದ್ದ. ಅಂಚೆಯಲ್ಲಿ ಎರಡು ದಿನ ತಡವಾದರೂ ಕೆಡದ ಸರಕು ಬೇಕಿತ್ತು. ವಾರಪತ್ರಿಕೆ ಅಂಥದ್ದು.

ಅಂಚೆ ಇಲಾಖೆಯ ರಿಯಾಯಿತಿಯೂ ಇದಕ್ಕೆ ಜೊತೆಯಾಯಿತು. ನೋಂದಾಯಿತ ಪತ್ರಿಕೆಗೆ 50 ಗ್ರಾಂವರೆಗೆ 25 ಪೈಸೆ ಎನ್ನುವ ದರ ಬಹಳ ವರ್ಷ ಇತ್ತು. ಎಂಟು ಪುಟದ ಟ್ಯಾಬ್ಲಾಯ್ಡ್ ಪತ್ರಿಕೆ ಆ ತೂಕದೊಳಗೇ ಮುಗಿಯುತ್ತದೆ. ಪೋಸ್ಟ್‌ಕಾರ್ಡ್‌ಗೆ 50 ಪೈಸೆ ಇದ್ದ ಕಾಲದಲ್ಲಿ ಅದರ ಅರ್ಧ ಖರ್ಚಿನಲ್ಲಿ ಒಂದು ಪತ್ರಿಕೆ ಕಾಡಿನ ಮನೆ ತಲುಪುತ್ತಿತ್ತು. ಇದು ಸರ್ಕಾರ ಸಣ್ಣ ಪತ್ರಿಕೆಗೆ ಸದ್ದಿಲ್ಲದೆ ಕೊಟ್ಟ ದೊಡ್ಡ ನೆರವು. ಜಾಹೀರಾತಿನ ಜಗಳದ ಸದ್ದಿನಲ್ಲಿ ಇದನ್ನು ಯಾರೂ ನೆನೆಯುವುದಿಲ್ಲ.

ಪ್ರೆಸ್ಸೇ ಅನ್ನ ಹಾಕುತ್ತಿತ್ತು

ಇಂಥ ಪತ್ರಿಕೆಗಳನ್ನು ಶುರು ಮಾಡುತ್ತಿದ್ದವರು ಮೇಷ್ಟ್ರು, ವಕೀಲರು, ಸಹಕಾರ ಸಂಘದವರು, ಪಕ್ಷದ ಕಾರ್ಯಕರ್ತರು. ಜಾಸ್ತಿ ದಿನ ನಡೆಸಿದವರನ್ನು ನೋಡಿದರೆ ಅವರಲ್ಲಿ ಬಹಳ ಮಂದಿಗೆ ಸ್ವಂತ ಪ್ರೆಸ್ ಇತ್ತು ಅಥವಾ ಪ್ರೆಸ್ ಇದ್ದವರ ಸ್ನೇಹ ಇತ್ತು. ಸಣ್ಣ ಊರಿನ ವಾರಪತ್ರಿಕೆಯ ಆರ್ಥಿಕತೆ ಅರ್ಥವಾಗಬೇಕಾದರೆ ಪತ್ರಿಕೆಯನ್ನು ಬಿಟ್ಟು ಪ್ರೆಸ್ ನೋಡಬೇಕು.

ಮೊಳೆ ಜೋಡಿಸುವ ಕಾಲದ ಅಚ್ಚುಕೂಟ ಎಂದರೆ ಒಂದು ಟ್ರೆಡಲ್ ಯಂತ್ರ, ಅಕ್ಷರದ ಖಾನೆಗಳು, ಒಬ್ಬಿಬ್ಬರು ಕಂಪೋಸಿಟರ್‌ಗಳು. ಇವರ ಸಂಬಳ ಪತ್ರಿಕೆಯಿಂದ ಹುಟ್ಟುತ್ತಿರಲಿಲ್ಲ. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾಗದ, ಯಕ್ಷಗಾನದ ಕರಪತ್ರ, ಸೊಸೈಟಿಯ ರಸೀದಿ ಪುಸ್ತಕ, ಅಂಗಡಿಯ ಬಿಲ್ಲು, ಚುನಾವಣೆಯ ಕರಪತ್ರ, ಇವುಗಳಿಂದ ಪ್ರೆಸ್ ನಡೆಯುತ್ತಿತ್ತು. ಕೆಲಸ ಕಡಿಮೆ ಇದ್ದ ದಿನ ಅದೇ ಜನ, ಅದೇ ಯಂತ್ರ ಪತ್ರಿಕೆಗೆ ಸಿಗುತ್ತಿತ್ತು. ಪತ್ರಿಕೆಗೆ ನಿಜವಾಗಿ ತಗಲುತ್ತಿದ್ದ ಖರ್ಚು ಕಾಗದ, ಮಸಿ, ಅಂಚೆ ಅಷ್ಟೆ. ಅಷ್ಟನ್ನು ಚಂದಾ ಮತ್ತು ಪೇಟೆಯ ಜಾಹೀರಾತು ತೂಗಿಸುತ್ತಿದ್ದವು. ಪತ್ರಿಕೆ ಇರುವುದರಿಂದ ಊರಿನಲ್ಲಿ ಪ್ರೆಸ್ಸಿಗೆ ಹೆಸರು, ಹೆಸರಿನಿಂದ ಮತ್ತೆ ಕೆಲಸ.

ಕಂಪ್ಯೂಟರ್‌ನಲ್ಲೇ ಪುಟ ಜೋಡಿಸುವ ಡಿಟಿಪಿ ಮತ್ತು ಆಫ್‌ಸೆಟ್ ಮುದ್ರಣ ಬಂದಾಗ ಎಲ್ಲರೂ ಅದನ್ನು ಅನುಕೂಲ ಎಂದೇ ನೋಡಿದರು. ನಿಜಕ್ಕೂ ಅನುಕೂಲವೇ. ಫೋಟೋಗೆ ಬ್ಲಾಕ್ ಮಾಡಿಸುವ ತಾಪತ್ರಯ ತಪ್ಪಿತು, ಅಕ್ಷರ ಚೊಕ್ಕ ಆಯಿತು. ಆದರೆ ಸಣ್ಣ ಊರಿನಲ್ಲಿ ಆಫ್‌ಸೆಟ್ ಯಂತ್ರ ಹಾಕಿಸುವಷ್ಟು ಬಂಡವಾಳ ಎಲ್ಲರ ಬಳಿ ಇರಲಿಲ್ಲ. ಟ್ರೆಡಲ್ ಗುಜರಿಗೆ ಹೋಯಿತು. ಸಂಪಾದಕರ ಮನೆಯಲ್ಲಿ ಒಂದು ಕಂಪ್ಯೂಟರ್ ಉಳಿಯಿತು, ಮುದ್ರಣ ಶಿವಮೊಗ್ಗಕ್ಕೋ ಇನ್ನೊಂದು ದೊಡ್ಡ ಊರಿಗೋ ಹೋಯಿತು. ಲಗ್ನಪತ್ರಿಕೆಯ ಕೆಲಸವೂ ಅಲ್ಲಿಗೇ ಹೋಯಿತು. ಈಗಂತೂ ಲಗ್ನಪತ್ರಿಕೆ ವಾಟ್ಸ್ಯಾಪ್‌ನಲ್ಲಿ ಬರುತ್ತದೆ. ಹೀಗೆ ಪತ್ರಿಕೆಯನ್ನು ಸಾಕುತ್ತಿದ್ದ ದುಡಿಮೆ ಕೈತಪ್ಪಿತು. ಮೊದಲು ಬಿಡುವಿನ ವೇಳೆಯ ಕೆಲಸವಾಗಿದ್ದ ಮುದ್ರಣಕ್ಕೆ ಈಗ ಪ್ರತಿ ವಾರ ಹೊರಗಿನವರಿಗೆ ನಗದು ಎಣಿಸಬೇಕು. ಕೈಯಲ್ಲಿ ದುಡ್ಡಿಲ್ಲದ ವಾರ ಪತ್ರಿಕೆ ಇಲ್ಲ. ಇವತ್ತು ಕಾನೂನು 'ನಿರಂತರವಾಗಿ ಪ್ರಕಟವಾಗಿಲ್ಲ' ಎಂದು ಹಿಡಿಯುವ ತಪ್ಪಿನ ಮೂಲ ಇಲ್ಲಿದೆ.

ಅದೇ ಹೊತ್ತಿಗೆ ದೊಡ್ಡ ದಿನಪತ್ರಿಕೆಗಳು ಊರೊಳಗೆ ಬಂದವು. 1999ರಲ್ಲಿ ಶುರುವಾದ 'ವಿಜಯ ಕರ್ನಾಟಕ' ಕಡಿಮೆ ಬೆಲೆ, ಹಲವು ಆವೃತ್ತಿಗಳ ಹಾದಿ ಹಿಡಿಯಿತು. ಜಿಲ್ಲೆಗೊಂದು ಪುಟ ಎನ್ನುವುದು ಎಲ್ಲ ದಿನಪತ್ರಿಕೆಗಳಲ್ಲೂ ಮಾಮೂಲಾಯಿತು. ಹೊಸನಗರದ ಸುದ್ದಿ ಮರುದಿನ ಬೆಳಿಗ್ಗೆಯೇ ದೊಡ್ಡ ಪತ್ರಿಕೆಯಲ್ಲಿ ಬಂದರೆ ವಾರಪತ್ರಿಕೆಗೆ ಉಳಿಯುವುದೇನು?

ಅಡಿಕೆ ಧಾರಣೆ ಉಳಿದಿತ್ತು. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ವಾರದ ದರದ ಪಟ್ಟಿ ನೋಡಲೆಂದೇ ಪತ್ರಿಕೆ ತರಿಸುವ ಬೆಳೆಗಾರರು ಇದ್ದರು. ಮೊಬೈಲ್ ಬಂದ ಮೇಲೆ ಶಿವಮೊಗ್ಗ ಮಾರುಕಟ್ಟೆಯ ದರ ಅವತ್ತವತ್ತೇ ಮನೆಗೆ ಬರತೊಡಗಿತು. ಆ ಚಂದಾವೂ ನಿಂತಿತು.

ಭದ್ರಾವತಿಯ ಕಾಗದ

ಶಿವಮೊಗ್ಗ ಜಿಲ್ಲೆಗೆ ಪತ್ರಿಕೆಯ ಜೊತೆ ಇನ್ನೊಂದು ನಂಟೂ ಇದೆ. 1936ರಲ್ಲಿ ಮೈಸೂರು ಅರಸರ ಕಾಲದಲ್ಲಿ ಹುಟ್ಟಿದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ, ಎಲ್ಲರ ಬಾಯಲ್ಲಿ ಎಂಪಿಎಂ, ಮುಂದೆ ನ್ಯೂಸ್‌ಪ್ರಿಂಟ್, ಅಂದರೆ ಪತ್ರಿಕೆ ಅಚ್ಚು ಹಾಕುವ ಕಾಗದ, ತಯಾರಿಸುವ ದೇಶದ ಮುಖ್ಯ ಕಾರ್ಖಾನೆಗಳಲ್ಲಿ ಒಂದಾಯಿತು. ಅದಕ್ಕೆ ಮರದ ತಿರುಳು ಒದಗಿಸಲು ಮಲೆನಾಡಿನ ಸಾವಿರಾರು ಹೆಕ್ಟೇರ್ ಅರಣ್ಯ ಭೂಮಿಯನ್ನು 1980ರಲ್ಲಿ 40 ವರ್ಷದ ಗುತ್ತಿಗೆಗೆ ಕೊಟ್ಟರು. ನೀಲಗಿರಿ, ಅಕೇಶಿಯಾ ಎದ್ದವು. ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಯಂತ್ರ ನಿಂತಿದ್ದರೂ 2020ರಲ್ಲಿ ಗುತ್ತಿಗೆ ಮುಂದುವರಿಸಿದ್ದಕ್ಕೆ ಮಲೆನಾಡಿನಲ್ಲಿ ದೊಡ್ಡ ವಿರೋಧ ಎದ್ದಿತ್ತು.

ನ್ಯೂಸ್‌ಪ್ರಿಂಟ್ ಸರ್ಕಾರದ ನಿಯಂತ್ರಣದಲ್ಲಿದ್ದ ದಶಕಗಳಲ್ಲಿ ಪತ್ರಿಕೆಗಳಿಗೆ ಕಾಗದ ಕೋಟಾದಲ್ಲಿ ಸಿಗುತ್ತಿತ್ತು. ಪ್ರಸಾರ ಸಂಖ್ಯೆ ಎಷ್ಟು ಹೇಳುತ್ತೀರೋ ಅದರ ಮೇಲೆ ಕೋಟಾ. ಸಂಖ್ಯೆಯನ್ನು ಉಬ್ಬಿಸಿ ಹೇಳಿ, ಉಳಿದ ಕಾಗದವನ್ನು ಹೊರಗೆ ಮಾರಿಕೊಳ್ಳುವ ಚಟ ದೇಶದ ಎಲ್ಲ ಕಡೆ ಹುಟ್ಟಿಕೊಂಡಿದ್ದು ಆಗಲೇ. ನಿಯಂತ್ರಣ ಹೋಯಿತು, ಸಂಖ್ಯೆ ಉಬ್ಬಿಸುವ ಅಭ್ಯಾಸ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂಬುದನ್ನು ಮುಂದೆ ನೋಡೋಣ.

ಕಾಗದ ಮಾರುಕಟ್ಟೆ ಪೂರ್ತಿ ತೆರೆದ ಮೇಲೆ ಬೆಲೆ ಹೊರಗಿನ ಗಾಳಿಗೆ ತೂಗಾಡತೊಡಗಿತು. 2019ರಲ್ಲಿ ಆಮದು ನ್ಯೂಸ್‌ಪ್ರಿಂಟ್‌ಗೆ ಶೇ 10 ಸುಂಕ ಬಂತು, 2020ರಲ್ಲಿ ಅದನ್ನು ಶೇ 5ಕ್ಕೆ ಇಳಿಸಿದರು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಬೆಲೆ ಮತ್ತೆ ಜಿಗಿಯಿತು. ದೊಡ್ಡ ಪತ್ರಿಕೆ ಆರು ತಿಂಗಳ ಕಾಗದ ಒಟ್ಟಿಗೆ ಕೊಂಡು ಇಟ್ಟುಕೊಳ್ಳಬಲ್ಲದು. ವಾರಕ್ಕೆ ಒಂದೆರಡು ಸಾವಿರ ಪ್ರತಿ ಹಾಕಿಸುವವರು ಅವತ್ತಿನ ಬೆಲೆಗೇ ಕೊಳ್ಳಬೇಕು.

ಸರ್ಕಾರಿ ಜಾಹೀರಾತು ಎಂಬ ಗಂಟು

ಪ್ರೆಸ್ ಹೋಯಿತು, ಚಂದಾ ಕರಗಿತು. ಉಳಿದಿದ್ದು ಜಾಹೀರಾತು. ಅದರಲ್ಲೂ ಪೇಟೆಯ ಅಂಗಡಿಗಳು ಫ್ಲೆಕ್ಸ್‌ಗೆ, ಆಮೇಲೆ ಫೇಸ್‌ಬುಕ್‌ಗೆ ಹೋದವು. ಜಾತ್ರೆಯ ವಿಶೇಷಾಂಕ, ದೀಪಾವಳಿ ವಿಶೇಷಾಂಕಕ್ಕೆ ಮಾತ್ರ ಒಂದಿಷ್ಟು ಶುಭಾಶಯದ ಜಾಹೀರಾತು ಸಿಗುತ್ತದೆ. ಕೊನೆಗೆ ಭರವಸೆ ಇಡಬಹುದಾದದ್ದು ಸರ್ಕಾರ ಒಂದೇ ಎನ್ನುವ ಸ್ಥಿತಿ ಬಂತು.

ರಾಜ್ಯ ಸರ್ಕಾರದ ಜಾಹೀರಾತು ಬರಬೇಕಾದರೆ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಮಾಧ್ಯಮ ಪಟ್ಟಿಯಲ್ಲಿ ಇರಬೇಕು. ಅಲ್ಲಿ ಸೇರಲು ನೋಂದಣಿ, ತಪ್ಪದೆ ಬಂದ ಸಂಚಿಕೆಗಳು, ಪ್ರಸಾರ ಸಂಖ್ಯೆಗೆ ದಾಖಲೆ ಬೇಕು. ಕೇಂದ್ರದ್ದೂ ಇದೇ ದಾರಿ. ಅಲ್ಲಿ ದಿನದ ಪ್ರಸಾರ 25,000 ಪ್ರತಿವರೆಗೆ ಇದ್ದರೆ 'ಸಣ್ಣ ಪತ್ರಿಕೆ'. ತಾಲ್ಲೂಕು ವಾರಪತ್ರಿಕೆಗೆ 25,000 ಎನ್ನುವುದು ಕನಸಿನ ಸಂಖ್ಯೆ. ಅಂದರೆ ನಿಜವಾಗಿ ಸಾವಿರ ಪ್ರತಿ ಹಾಕುವವರೂ 20,000 ತೋರಿಸುವವರೂ ಒಂದೇ ಸಾಲಿನಲ್ಲಿ. ದರ ಪ್ರಸಾರ ಸಂಖ್ಯೆಯ ಮೇಲೆ ನಿಂತಿರುವಾಗ ನಿಜ ಹೇಳಿದವನಿಗೇ ನಷ್ಟ. ಜಾಹೀರಾತು ಬಂದ ವಾರ ಫೈಲಿಗೆ ಬೇಕಾದಷ್ಟೇ ಪ್ರತಿ ಹಾಕಿ ಸುಮ್ಮನಾಗುವ ಪತ್ರಿಕೆಗಳು ಹುಟ್ಟಿದ್ದು ಹೀಗೆ. ಓದುಗರಿಲ್ಲದಿದ್ದರೂ ನೋಂದಣಿ ಇರುವ ಪತ್ರಿಕೆಗಳು ಇವು. ದೇಶದಲ್ಲಿ ನೋಂದಣಿಯಾದ ಹೆಸರುಗಳು 1.4 ಲಕ್ಷಕ್ಕೂ ಜಾಸ್ತಿ. ಅಷ್ಟು ಪತ್ರಿಕೆ ನಿಜವಾಗಿ ಬರುತ್ತಿದೆ ಎಂದು ಯಾರೂ ನಂಬುವುದಿಲ್ಲ.

ವಾರಪತ್ರಿಕೆಗೆ ಕಾನೂನಿನಲ್ಲೇ ಇನ್ನೊಂದು ಅಡ್ಡಿ ಇದೆ. ನೋಟಿಸ್ ತಲುಪದ ಪ್ರತಿವಾದಿಗೆ ಪತ್ರಿಕೆಯ ಮೂಲಕ ಸಮನ್ಸ್ ಕೊಡುವಾಗ ಅದು ಆ ಪ್ರದೇಶದಲ್ಲಿ ಓಡಾಡುವ 'ದಿನಪತ್ರಿಕೆ' ಆಗಿರಬೇಕು ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆ. 2013ರ ಭೂಸ್ವಾಧೀನ ಕಾಯ್ದೆಯೂ ಪ್ರಾಥಮಿಕ ಅಧಿಸೂಚನೆ ಎರಡು ದಿನಪತ್ರಿಕೆಗಳಲ್ಲಿ ಬರಬೇಕು, ಒಂದು ಪ್ರಾದೇಶಿಕ ಭಾಷೆಯದ್ದಾಗಿರಬೇಕು ಎನ್ನುತ್ತದೆ. ಶರಾವತಿ ಕಣಿವೆಯಂಥ ಕಡೆ ಭೂಮಿ ಹೋಗುವ ರೈತ ಓದುತ್ತಿರುವುದು ವಾರಪತ್ರಿಕೆಯೇ ಆಗಿದ್ದರೂ ಕಾನೂನಿಗೆ ಅದು ಲೆಕ್ಕಕ್ಕಿಲ್ಲ. ಸಾಲದ್ದಕ್ಕೆ ಟೆಂಡರ್ ವಿವರಗಳೂ ಆನ್‌ಲೈನ್ ಹಾದಿ ಹಿಡಿದವು. ಊರಿನ ವಾರಪತ್ರಿಕೆಯೊಂದು ಇದ್ದಕ್ಕಿದ್ದಂತೆ ನಾಲ್ಕು ಪುಟದ ದಿನಪತ್ರಿಕೆಯಾಗಿ ಬದಲಾದರೆ ಅದು ಬೆಳೆಯಿತು ಎಂದೇ ಅರ್ಥವಲ್ಲ. ನೋಟಿಸ್ ಜಾಹೀರಾತಿನ ಆಸೆಯೂ ಇರಬಹುದು.

ಇದಕ್ಕೆ ಪೂರ್ತಿ ಬೇರೆ ದಾರಿ ತೋರಿಸಿದ್ದೂ ಶಿವಮೊಗ್ಗ ಜಿಲ್ಲೆಯವರೇ. ಕೊನಗವಳ್ಳಿಯ ಪಿ. ಲಂಕೇಶ್ 1980ರಲ್ಲಿ ಬೆಂಗಳೂರಿನಿಂದ ಶುರು ಮಾಡಿದ ವಾರಪತ್ರಿಕೆ ಜಾಹೀರಾತೇ ಇಲ್ಲದೆ, ಓದುಗರ ದುಡ್ಡಿನಲ್ಲೇ ನಡೆಯಿತು. ಆದರೆ ಅದಕ್ಕೆ ಇಡೀ ರಾಜ್ಯವೇ ಮಾರುಕಟ್ಟೆ. ಒಂದು ತಾಲ್ಲೂಕನ್ನೇ ನಂಬಿದ ಪತ್ರಿಕೆಗೆ ಆ ಸಂಖ್ಯೆ ಎಂದೂ ಸಿಗದು. ಅದನ್ನು ಉದಾಹರಣೆ ಕೊಟ್ಟು "ನೀವೂ ಹಾಗೆ ಮಾಡಿ" ಎನ್ನುವುದು ನ್ಯಾಯವಲ್ಲ.

ಯಾರ ವಾದ ಏನು

ಸರ್ಕಾರದ ವಾದ ಸರಳ. ವಸಾಹತು ಕಾಲದ ಕಾಯ್ದೆ ಹೋಗಲಿ, ಜೈಲಿನ ಭಯ ಹೋಗಲಿ, ಅಲೆದಾಟ ತಪ್ಪಲಿ, ಹೆಸರಿಗಷ್ಟೇ ಇರುವ ಪತ್ರಿಕೆಗಳು ಪಟ್ಟಿಯಿಂದ ಇಳಿಯಲಿ. ಇದರಲ್ಲಿ ಹುರುಳಿದೆ. ಪತ್ರಿಕೆಯ ಹೆಸರು ಹೇಳಿಕೊಂಡು ಕ್ವಾರಿ, ಮರಳು, ರೇಷನ್ ಅಂಗಡಿಯವರ ಹತ್ತಿರ ದುಡ್ಡು ಕೇಳುವವರ ಕಾಟ ಯಾವ ತಾಲ್ಲೂಕಿಗೂ ಹೊಸದಲ್ಲ. ಓದುಗರಲ್ಲಿ ಬಹಳ ಜನ "ಹೋದರೆ ಹೋಗಲಿ" ಎನ್ನುವುದಕ್ಕೆ ಇದೇ ಕಾರಣ.

ಸಂಪಾದಕರ ಸಂಘಟನೆಗಳ ಆಕ್ಷೇಪ ಬೇರೆ ಕಡೆಗಿದೆ. ಮಸೂದೆ ಬಂದಾಗ ಎಡಿಟರ್ಸ್ ಗಿಲ್ಡ್ ಕೇಳಿದ್ದು, ಪತ್ರಿಕಾ ಕಚೇರಿಗೆ ಬಂದು ದಾಖಲೆ ಪರಿಶೀಲಿಸುವ ಅಧಿಕಾರವನ್ನು ಯಾಕೆ ಇಷ್ಟು ಅಗಲ ಮಾಡುತ್ತೀರಿ ಎಂದು. ಭಯೋತ್ಪಾದನೆ ಅಥವಾ ಕಾನೂನುಬಾಹಿರ ಚಟುವಟಿಕೆಯಲ್ಲಿ ಶಿಕ್ಷೆಯಾದವರು ಪತ್ರಿಕೆ ತರುವಂತಿಲ್ಲ ಎಂಬ ಅಂಶದ ದುರ್ಬಳಕೆಯ ಬಗ್ಗೆಯೂ ಅದು ಎಚ್ಚರಿಸಿತು. ದೊಡ್ಡ ಸಂಸ್ಥೆಗೆ ವಕೀಲರಿದ್ದಾರೆ. ಮನೆಯ ಜಗಲಿಯಲ್ಲೇ ಕಚೇರಿ ಇರುವ ಸಂಪಾದಕರಿಗೆ 'ಕಚೇರಿ ಪರಿಶೀಲನೆ' ಎಂದರೆ ಮನೆಯ ಪರಿಶೀಲನೆ.

ಸಣ್ಣ ಪತ್ರಿಕೆಯವರ ಚಿಂತೆ ಇನ್ನೂ ನೆಲಮಟ್ಟದ್ದು. ಆನ್‌ಲೈನ್ ಅರ್ಜಿ, ಆಧಾರ್ ಸಹಿ, ಲೆಕ್ಕ ಪರಿಶೋಧಕರ ಪ್ರಮಾಣಪತ್ರ, ಇವಕ್ಕೆಲ್ಲ ಮಧ್ಯವರ್ತಿ ಬೇಕು. ಹಿಂದೆ ಡಿಸಿ ಕಚೇರಿಗೆ ಹೋಗಿ "ಸಾರ್, ಈ ಕಾಗದ ಎಲ್ಲಿ ಕೊಡಬೇಕು?" ಎಂದು ಕನ್ನಡದಲ್ಲಿ ಕೇಳಬಹುದಿತ್ತು. ಈಗ ಮಾತಾಡಬೇಕಾದ ಕಚೇರಿ ದೆಹಲಿಯಲ್ಲಿದೆ. ನನ್ನ ಪ್ರಕಾರ ಮೂರು ವಾದಗಳಲ್ಲಿ ತೀರಾ ಕಡಿಮೆ ಚರ್ಚೆಯಾಗಿರುವುದು ಇದು, ಹೆಚ್ಚು ಪತ್ರಿಕೆಗಳನ್ನು ನಿಲ್ಲಿಸುವುದೂ ಇದೇ. ಸುಳ್ಳು ಪತ್ರಿಕೆ ನಡೆಸುವವನಿಗೆ ಕಾಗದಪತ್ರ ಸರಿಮಾಡುವುದೇ ಕಸುಬು. ಅವನು ಪೋರ್ಟಲ್‌ನಲ್ಲಿ ಎಲ್ಲ ತುಂಬಿ ಪಾಸಾಗುತ್ತಾನೆ. ನಿಜವಾಗಿ ಸುದ್ದಿ ಬರೆಯುವ ವಯಸ್ಸಾದ ಸಂಪಾದಕ ಗಡುವು ತಪ್ಪಿಸುತ್ತಾನೆ.

ಕಾಯ್ದೆ ಮುಟ್ಟದ ಜಾಗ

ಹೊಸ ಕಾಯ್ದೆ ಅನ್ವಯವಾಗುವುದು ಅಚ್ಚಾದ ನಿಯತಕಾಲಿಕಗಳಿಗೆ ಮಾತ್ರ. 2019ರ ಕರಡಿನಲ್ಲಿ ಡಿಜಿಟಲ್ ಸುದ್ದಿಯೂ ಇತ್ತು, ಕೊನೆಯ ಕಾಯ್ದೆಯಲ್ಲಿ ಇಲ್ಲ. ಆನ್‌ಲೈನ್ ಸುದ್ದಿಗೆ 2021ರ ಐಟಿ ನಿಯಮಗಳು ಬೇರೆಯೇ ಇವೆ. ಹಾಗಾಗಿ ಒಂದು ತಾಲ್ಲೂಕಿನಲ್ಲಿ 500 ಪ್ರತಿ ಅಚ್ಚು ಹಾಕುವವರಿಗೆ ನೋಂದಣಿ, ವಾರ್ಷಿಕ ವಿವರ, ದಂಡದ ಭಯ. ಅದೇ ತಾಲ್ಲೂಕಿನಲ್ಲಿ ಸಾವಿರಾರು ಜನ ನೋಡುವ ಯೂಟ್ಯೂಬ್ ಚಾನೆಲ್ ಅಥವಾ ವಾಟ್ಸ್ಯಾಪ್ ಸುದ್ದಿ ಗುಂಪಿಗೆ ಈ ಯಾವುದೂ ಇಲ್ಲ. ಪತ್ರಿಕೆ ಬಿಟ್ಟು ಮೊಬೈಲ್‌ಗೆ ಹೋಗಲು ಖರ್ಚು ಉಳಿಯುವುದೊಂದೇ ಕಾರಣವಾಗಿತ್ತು, ಈಗ ತಾಪತ್ರಯ ತಪ್ಪುವುದೂ ಸೇರಿತು.

ಮೊಬೈಲ್ ಸುದ್ದಿ ಕೆಟ್ಟದ್ದು ಎಂದಲ್ಲ. 2025ರ ಜುಲೈನಲ್ಲಿ ಸಿಗಂದೂರಿನ ಹಿನ್ನೀರು ಸೇತುವೆ ತೆರೆದ ದಿನ ಇಡೀ ಜಿಲ್ಲೆ ಅದನ್ನು ಫೋನಿನಲ್ಲೇ ನೋಡಿತು. ಆದರೆ ಆ ಸೇತುವೆಗಾಗಿ, ಹಿನ್ನೀರಿನಿಂದ ದ್ವೀಪದಂತಾದ ಆ ಭಾಗದ ಜನ ದಶಕಗಟ್ಟಲೆ ಕೊಟ್ಟ ಮನವಿ, ಲಾಂಚ್ ಕೆಟ್ಟು ನಿಂತ ದಿನಗಳು, ಸಭೆಗಳಲ್ಲಿ ಕೊಟ್ಟ ಮಾತು, ಇವನ್ನು ವಾರ ವಾರ ಬರೆದಿಡುವ ಕೆಲಸ ಬೇರೆ. ಮಂಗನ ಕಾಯಿಲೆಯದ್ದೂ ಹಾಗೆಯೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ ಅದು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವ ತೆಗೆಯಿತು. ಉಣುಗಿನಿಂದ ಹರಡುವ ಈ ಕಾಯಿಲೆಯ ಮೊದಲ ಸೂಚನೆ ಕಾಡಿನಲ್ಲಿ ಮಂಗ ಸತ್ತು ಬೀಳುವುದು. ಒಂದು ಮಂಗ ಸತ್ತದ್ದು ರಾಜ್ಯಕ್ಕೆ ಸುದ್ದಿಯಲ್ಲ. ಆ ಊರಿಗೆ ಅದಕ್ಕಿಂತ ದೊಡ್ಡ ಸುದ್ದಿ ಇಲ್ಲ.

ಮುಂದೆ ಆಗಬಹುದಾದ್ದು

ಹೆಸರಿಗಷ್ಟೇ ಇರುವ ಒಂದಷ್ಟು ಪತ್ರಿಕೆಗಳು ಪಟ್ಟಿಯಿಂದ ಇಳಿಯುತ್ತವೆ, ಅದರಿಂದ ನಷ್ಟವಿಲ್ಲ. ಇವುಗಳ ಜೊತೆಗೆ, ನಡುನಡುವೆ ನಿಂತರೂ ನಿಜವಾಗಿ ಸುದ್ದಿ ಕೊಡುತ್ತಿದ್ದ ಕೆಲವೂ ಹೋಗುತ್ತವೆ. ಯಂತ್ರಕ್ಕೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಉಳಿಯುವ ಪತ್ರಿಕೆಗಳು ಸರ್ಕಾರಿ ಜಾಹೀರಾತಿಗೆ ಇನ್ನಷ್ಟು ಅಂಟಿಕೊಳ್ಳುತ್ತವೆ. ಹಾಗೆ ಅಂಟಿಕೊಂಡ ಪತ್ರಿಕೆ ತಹಶೀಲ್ದಾರರ ಕಚೇರಿಯ ಬಗ್ಗೆ, ಶಾಸಕರ ಬಗ್ಗೆ ಎಷ್ಟು ಗಟ್ಟಿಯಾಗಿ ಬರೆಯುತ್ತದೆ ಎನ್ನುವುದನ್ನು ಹೇಳಬೇಕಾಗಿಲ್ಲ, ಅಲ್ವಾ?

ಹೆಸರಿನ ಪ್ರಶ್ನೆಯೂ ಏಳುತ್ತದೆ. ಒಂದೇ ಭಾಷೆಯಲ್ಲಿ ಒಂದೇ ಹೆಸರಿನ ಇನ್ನೊಂದು ಪತ್ರಿಕೆ ಬರಬಾರದು ಎನ್ನುವುದು ನಿಯಮ. ನೋಂದಣಿ ಹೋದರೆ ಈ ರಕ್ಷಣೆಯೂ ಸಡಿಲವಾಗುತ್ತದೆ. ಸಂಪಾದಕರು ತೀರಿಕೊಂಡು, ಮಕ್ಕಳು ಬೆಂಗಳೂರಿನಲ್ಲಿದ್ದು, ಮಾಲೀಕತ್ವ ವರ್ಗಾವಣೆಯ ಕಾಗದ ಯಾರೂ ಮಾಡಿಸದೇ ಇರುವ ಕಡೆ ಇದು ಬೇಗ ಎದುರಾಗುತ್ತದೆ. ಚಂದಾದಾರರು ಪ್ರೆಸ್ ರಿಜಿಸ್ಟ್ರಾರ್ ಜಾಲತಾಣದಲ್ಲಿ ಪತ್ರಿಕೆಯ ಹೆಸರು ಹಾಕಿ ನೋಂದಣಿಯ ಸ್ಥಿತಿ ನೋಡಬಹುದು. ಪತ್ರಿಕೆಯ ಮೇಲಿರುವ ನೋಂದಣಿ ಸಂಖ್ಯೆಯಲ್ಲಿ ಸಾಮಾನ್ಯವಾಗಿ ರಾಜ್ಯದ ಮೂರಕ್ಷರ, ಭಾಷೆಯ ಮೂರಕ್ಷರ, ವರ್ಷ, ಕ್ರಮಸಂಖ್ಯೆ ಇರುತ್ತದೆ.

ತುರ್ತು ಇರುವುದು ಹಳೆಯ ಸಂಚಿಕೆಗಳದ್ದು. ಪತ್ರಿಕೆಗಳ ಪ್ರತಿಯನ್ನು ರಾಷ್ಟ್ರೀಯ ಮಟ್ಟದ ಗ್ರಂಥಾಲಯಗಳಿಗೆ ಕಳಿಸಬೇಕು ಎಂದು 1954ರ ಕಾಯ್ದೆ ಹೇಳಿದರೂ ತಾಲ್ಲೂಕು ಪತ್ರಿಕೆಗಳ ಪೂರ್ತಿ ಫೈಲು ಇರುವುದು ಸಾಮಾನ್ಯವಾಗಿ ಸಂಪಾದಕರ ಅಟ್ಟದ ಮೇಲೆ. ನ್ಯೂಸ್‌ಪ್ರಿಂಟ್ ಬಾಳಿಕೆಯ ಕಾಗದವಲ್ಲ. ಮರದ ತಿರುಳಿನಲ್ಲಿ ಉಳಿದ ಲಿಗ್ನಿನ್ ಎಂಬ ಅಂಶದಿಂದ ಹಳದಿಯಾಗಿ, ಪುಡಿಯಾಗುತ್ತದೆ. ಮಲೆನಾಡಿನ ಥಂಡಿ, ಬೂಷ್ಟು, ಗೆದ್ದಲು ಸೇರಿದರೆ ಇನ್ನೂ ಬೇಗ. ಶರಾವತಿ ಮುಳುಗಡೆಯ ಕುಟುಂಬಗಳ ಹಕ್ಕುಪತ್ರದ ವಿವಾದ ಇನ್ನೂ ಮುಗಿದಿಲ್ಲ. ಯಾವ ಊರಿನವರನ್ನು ಎಲ್ಲಿಗೆ ಕಳಿಸಿದರು, ಯಾವ ಸಭೆಯಲ್ಲಿ ಯಾರು ಏನು ಒಪ್ಪಿದರು ಎಂಬ ವಿವರ ಇಂಥ ಫೈಲುಗಳಲ್ಲಿ ಸಿಗಬಹುದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗ ಇದೆ, ರಾಜ್ಯದಲ್ಲಿ ಮಾಧ್ಯಮ ಅಕಾಡೆಮಿ ಇದೆ. ಸ್ಕ್ಯಾನ್ ಮಾಡಿಡುವುದು ಇವುಗಳ ಕೈಗೆ ಮೀರಿದ ಖರ್ಚೇನಲ್ಲ. ನೋಂದಣಿ ರದ್ದು ಮಾಡುವ ಮೊದಲು ಆ ಪತ್ರಿಕೆಯ ಹಳೆಯ ಸಂಚಿಕೆಗಳು ಎಲ್ಲಿವೆ ಎಂದು ಕೇಳುವ ಒಂದು ಸಾಲು ಮಾತ್ರ ಹೊಸ ವ್ಯವಸ್ಥೆಯಲ್ಲಿ ಕಾಣುವುದಿಲ್ಲ.